ಬಾರದವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಆರೋಗ್ಯ ಸೇವೆಗಳಿಗೆ ಯೋಜನೆ ಹಾಕುವ, ಹಣ ಹಂಚುವ, ಆಸ್ಪತ್ರೆ ನಡೆಸುವ ಎಲ್ಲ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಈ ವರ್ಷ ಇಷ್ಟು ಹೊರರೋಗಿಗಳು ಬಂದರು, ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು. ಬಾರದೆ ಉಳಿದವರ ಬಗ್ಗೆ ಎಲ್ಲೋ ಹಿಂದಿನ ಪುಟಗಳಲ್ಲಿ ಒಂದೇ ಸಾಲು. ಅದರಲ್ಲಿ ಕಾರಣ ಸಿದ್ಧವಾಗಿರುತ್ತದೆ: ‘ಜನರಲ್ಲಿ ಅರಿವಿನ ಕೊರತೆ’. ಪರಿಹಾರವೂ ಅಷ್ಟೇ ಸಿದ್ಧ: ಇನ್ನಷ್ಟು ಭಿತ್ತಿಪತ್ರ, ಇನ್ನೊಂದು ಶಿಬಿರ. ನಮ್ಮ ತಕರಾರು ಆ ಒಂದು ಸಾಲಿನ ಮೇಲೆ.

ವಯಸ್ಕರು ಆಸ್ಪತ್ರೆಯ ಮೆಟ್ಟಿಲು ಹತ್ತುವುದೋ ಬಿಡುವುದೋ ತಿಳಿವಳಿಕೆ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ವಯಸ್ಸು, ಹೆಣ್ಣೋ ಗಂಡೋ ಎಂಬುದು, ದುಡಿಮೆಯ ಬಗೆ, ಮನೆಯಲ್ಲಿ ಹಣ ಯಾರ ಕೈಯಲ್ಲಿದೆ ಎಂಬುದು, ದಾರಿಯ ದೂರ, ಆಡುವ ಭಾಷೆ, ಹಿಂದಿನ ಸಲ ಕೌಂಟರಿನಲ್ಲಿ ಯಾರು ಏನಂದರು ಎಂಬ ನೆನಪು, ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಇವುಗಳಲ್ಲಿ ಬಹುಪಾಲನ್ನು ಎಣಿಸಬಹುದು, ಕೆಲವನ್ನು ವಾರದೊಳಗೆ ಸರಿಪಡಿಸಲೂಬಹುದು. ಎಣಿಸದೆ ಬಿಟ್ಟಿದ್ದಕ್ಕೆಲ್ಲ ‘ಅರಿವಿನ ಕೊರತೆ’ ಎಂದು ಹೆಸರಿಡುವುದು ತಿಪ್ಪೆ ಸಾರಿಸುವ ಕೆಲಸ.

ಮೊದಲು ಒಂದು ಹಳೆಯ ಲೆಕ್ಕ ನೋಡೋಣ. 1961ರಲ್ಲಿ ಕೆರ್ ವೈಟ್ ಎಂಬ ವೈದ್ಯ ಸಂಶೋಧಕರು ಮತ್ತು ಅವರ ಸಂಗಡಿಗರು ಅಮೆರಿಕ, ಬ್ರಿಟನ್ನುಗಳ ಮಾಹಿತಿ ಇಟ್ಟುಕೊಂಡು ಒಂದು ಅಂದಾಜು ಕಟ್ಟಿದರು. 16 ವರ್ಷ ಮೇಲ್ಪಟ್ಟ 1000 ಮಂದಿಯನ್ನು ಒಂದು ತಿಂಗಳ ಮಟ್ಟಿಗೆ ತೆಗೆದುಕೊಂಡರೆ ಸುಮಾರು 750 ಮಂದಿಗೆ ಏನಾದರೊಂದು ಕಾಯಿಲೆಯೋ ಪೆಟ್ಟೋ ಆಗಿರುತ್ತದೆ. ಅವರಲ್ಲಿ ವೈದ್ಯರನ್ನು ಕಾಣುವವರು 250. ಆಸ್ಪತ್ರೆಗೆ ದಾಖಲಾಗುವವರು 9. ಬೇರೆ ವೈದ್ಯರ ಬಳಿಗೆ ಕಳಿಸಿಕೊಳ್ಳುವವರು 5. ದೊಡ್ಡ ಬೋಧನಾ ಆಸ್ಪತ್ರೆ ತಲುಪುವವರು 1. 2001ರಲ್ಲಿ ಇದೇ ಲೆಕ್ಕವನ್ನು ಅಮೆರಿಕದಲ್ಲಿ ಹೊಸದಾಗಿ ಹಾಕಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ.

ಆ 750ರಲ್ಲಿ 500 ಮಂದಿ ವೈದ್ಯರ ಕಣ್ಣಿಗೇ ಬೀಳಲಿಲ್ಲ. ಅವರೆಲ್ಲ ತಪ್ಪು ಮಾಡಿದರು ಎನ್ನುವಂತಿಲ್ಲ. ನೆಗಡಿಗೆ ಮನೆಯಲ್ಲೇ ಮಲಗಿದವರು ಸರಿಯಾದುದನ್ನೇ ಮಾಡಿದರು. ಆದರೆ ಎದೆಯುರಿ ಎಂದುಕೊಂಡು ಸುಮ್ಮನಿದ್ದ ಹೃದ್ರೋಗಿಯೂ, ಆರು ತಿಂಗಳಿಂದ ಸ್ತನದ ಗಂಟನ್ನು ಯಾರಿಗೂ ಹೇಳದ ಹೆಂಗಸೂ ಆ 500ರಲ್ಲೇ ಇರಬಲ್ಲರು. ಯೋಜನೆ ಮಾಡುವವರ ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ: ಬಂದ 250 ಮಂದಿಗೂ ಬಾರದ 500 ಮಂದಿಗೂ ಕಾಯಿಲೆಯ ಹೊರತಾಗಿ ಇನ್ನೇನು ವ್ಯತ್ಯಾಸ?

ಈ ಪ್ರಶ್ನೆಗೆ 1968ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರೊನಾಲ್ಡ್ ಆಂಡರ್ಸನ್ ಹಾಕಿಕೊಟ್ಟ ಚೌಕಟ್ಟು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅವರು ಕಾರಣಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯದು ಕಾಯಿಲೆಗೆ ಮೊದಲೇ ಇರುವಂಥವು: ವಯಸ್ಸು, ಲಿಂಗ, ಓದು, ಕಸುಬು, ನಂಬಿಕೆ. ಎರಡನೆಯದು ಅನುವು ಮಾಡಿಕೊಡುವಂಥವು: ಹಣ, ವಿಮೆ, ವಾಹನ, ಬಿಡುವು, ಹತ್ತಿರದಲ್ಲಿ ಒಂದು ಆಸ್ಪತ್ರೆ. ಮೂರನೆಯದು ಅಗತ್ಯ: ಕಾಯಿಲೆ ಎಷ್ಟಿದೆ, ಎಷ್ಟಿದೆಯೆಂದು ರೋಗಿಗೆ ಅನಿಸಿದೆ, ಎಷ್ಟಿದೆಯೆಂದು ವೈದ್ಯರು ಹೇಳುತ್ತಾರೆ. ಸೇವೆಯ ಬಳಕೆಯಲ್ಲಿ ಕಾಣುವ ಏರುಪೇರು ವಯಸ್ಸಿನಿಂದ, ಅಗತ್ಯದಿಂದ ಬಂದಿದ್ದರೆ ಅದು ನ್ಯಾಯ. ಹಣದಿಂದ, ಜನಾಂಗದಿಂದ, ದೂರದಿಂದ ಬಂದಿದ್ದರೆ ಅನ್ಯಾಯ. ಅವರು ಕೇಳಿದ ಇನ್ನೊಂದು ಪ್ರಶ್ನೆ ಆಡಳಿತ ಮಾಡುವವರಿಗೆ ಇನ್ನೂ ಹತ್ತಿರದ್ದು: ಇವುಗಳಲ್ಲಿ ಬದಲಾಯಿಸಲು ಆಗುವಂಥದ್ದು ಯಾವುದು? ವಯಸ್ಸನ್ನು ಬದಲಾಯಿಸಲಾಗದು. ನಂಬಿಕೆ ನಿಧಾನ. ಅನುವಿನ ಗುಂಪೊಂದೇ ಬೇಗ ಬದಲಾಗುವುದು. ನಿಮ್ಮ ಪ್ರಚಾರದ ಹಣ ಸಾಮಾನ್ಯವಾಗಿ ಹೋಗುವುದು ನಂಬಿಕೆಯ ಕಡೆಗೆ.

ಇನ್ನು ಅಂಕಿಗಳನ್ನು ಓದುವಾಗ ಆಗುವ ಒಂದು ಎಡವಟ್ಟು. ‘ಬಡ ಬಡಾವಣೆಯವರೇ ಹೆಚ್ಚು ಬರುತ್ತಾರೆ, ಅವರಿಗೆ ಸೇವೆ ಸಿಗುತ್ತಿದೆ’ ಎಂದು ಎಷ್ಟೋ ವರದಿಗಳು ಬೆನ್ನು ತಟ್ಟಿಕೊಳ್ಳುತ್ತವೆ. ಲೆಕ್ಕಕ್ಕೆ ಎರಡು ಬಡಾವಣೆ ಇಟ್ಟುಕೊಳ್ಳಿ, ಒಂದೊಂದರಲ್ಲೂ 1000 ವಯಸ್ಕರು. ಮೊದಲನೆಯದು ಬಡವರದು, ಅಲ್ಲಿ 300 ಮಂದಿಗೆ ರಕ್ತದೊತ್ತಡ, ವರ್ಷಕ್ಕೆ ಅದಕ್ಕಾಗಿ 900 ಭೇಟಿ. ಎರಡನೆಯದರಲ್ಲಿ 100 ಮಂದಿಗೆ ರಕ್ತದೊತ್ತಡ, 500 ಭೇಟಿ. 900 ದೊಡ್ಡದು, 500 ಚಿಕ್ಕದು. ಆದರೆ ರೋಗಿಯ ತಲೆಗೆ ಹಂಚಿದರೆ ಮೊದಲ ಬಡಾವಣೆಯಲ್ಲಿ 3 ಭೇಟಿ, ಎರಡನೆಯದರಲ್ಲಿ 5. ಕಾಯಿಲೆ ಹೆಚ್ಚಿರುವಲ್ಲಿಯೇ ಆರೈಕೆ ಕಡಿಮೆ. ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇದಕ್ಕೇ ‘ಆರೈಕೆಯ ವಿಲೋಮ ನಿಯಮ’ ಎಂದು ಹೆಸರಿಟ್ಟರು: ಒಳ್ಳೆಯ ವೈದ್ಯಕೀಯ ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ, ಅದೂ ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಹೆಚ್ಚಾಗಿ.

ಅಗತ್ಯವನ್ನು ಸರಿದೂಗಿಸಿ ನೋಡಿದ ಮೇಲೂ ಯಾವ ಬಾಗಿಲು ಎಂಬ ಪ್ರಶ್ನೆ ಉಳಿಯುತ್ತದೆ. ಶ್ರೀಮಂತ ದೇಶಗಳನ್ನು ಹೋಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾಮಾನ್ಯ ವೈದ್ಯರ ಭೇಟಿ ಬಹುತೇಕ ಕಡೆ ಬಡವ ಬಲ್ಲಿದರಿಗೆ ಸಮನಾಗಿತ್ತು, ಕೆಲವೆಡೆ ಬಡವರ ಕಡೆಗೇ ವಾಲಿತ್ತು. ತಜ್ಞವೈದ್ಯರ ಭೇಟಿ ಮಾತ್ರ ಹೆಚ್ಚೂಕಡಿಮೆ ಎಲ್ಲೆಡೆ ಉಳ್ಳವರ ಕಡೆಗೆ ವಾಲಿತ್ತು. ಎರಡನ್ನೂ ಒಟ್ಟು ಸೇರಿಸಿ ‘ಒಟ್ಟು ಭೇಟಿ’ ಎಂದು ಬರೆದರೆ ಈ ವಾಲಿಕೆ ಅಳಿಸಿಹೋಗುತ್ತದೆ.

ಕಾಯಿಲೆ ಇದೆಯೇ ಎಂದು ಜನರನ್ನೇ ಕೇಳಿ ಅಗತ್ಯವನ್ನು ಅಳೆಯುವುದರಲ್ಲೂ ತೊಡಕಿದೆ. ಕೇರಳದವರ ಸರಾಸರಿ ಆಯಸ್ಸು ಬಿಹಾರದವರಿಗಿಂತ ಎಷ್ಟೋ ಹೆಚ್ಚು, ಆದರೂ ‘ನನಗೆ ಕಾಯಿಲೆಯಿದೆ’ ಎಂದು ಹೇಳಿಕೊಳ್ಳುವವರು ಕೇರಳದಲ್ಲೇ ಜಾಸ್ತಿ ಎಂಬುದನ್ನು ಅಮರ್ತ್ಯ ಸೇನ್ 2002ರಲ್ಲಿ ಎತ್ತಿ ತೋರಿಸಿದ್ದರು. ವೈದ್ಯರನ್ನು ಕಂಡು ಗೊತ್ತಿರುವವನಿಗೆ ಕಾಯಿಲೆಯ ಹೆಸರು ಗೊತ್ತು. ಹತ್ತು ವರ್ಷದಿಂದ ಮಂಡಿನೋವು ಹೊತ್ತು ತಿರುಗುವವನಿಗೆ ಅದು ‘ವಯಸ್ಸಾಯ್ತಲ್ಲ’ ಅಷ್ಟೇ. ಆದ್ದರಿಂದ ಸಮೀಕ್ಷೆಯಲ್ಲಿ ‘ಕಾಯಿಲೆ ಇದೆಯೇ’ ಎಂದು ಕೇಳುವ ಬದಲು ಕೆಲಸ ಹಿಡಿದು ಕೇಳಿ: ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ? ಜೊತೆಗೆ ಒಂದು ಬಿಪಿ ಯಂತ್ರವನ್ನೂ ಒಯ್ಯಿರಿ.

ಇದೇ ಎಳೆಯಲ್ಲಿ ಇನ್ನೊಂದು ಮಾತು. ನೋವು ತುದಿಗೇರಿದಾಗ ಜನ ಬರುತ್ತಾರೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಇರ್ವಿಂಗ್ ಜೋಲಾ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ನಿನ ಹೊರರೋಗಿಗಳನ್ನು ಮಾತಾಡಿಸಿ ಕಂಡುಕೊಂಡದ್ದು ಬೇರೆ. ಜನ ತಮ್ಮ ಲಕ್ಷಣಗಳ ಜೊತೆ ತಿಂಗಳುಗಟ್ಟಲೆ ಹೊಂದಿಕೊಂಡಿರುತ್ತಾರೆ. ಆ ಹೊಂದಾಣಿಕೆ ಮುರಿದ ದಿನ ಬರುತ್ತಾರೆ. ಮನೆಯಲ್ಲೊಂದು ಬಿಕ್ಕಟ್ಟು ಎದ್ದಿರಬಹುದು, ನಾಲ್ಕು ಜನರೊಡನೆ ಬೆರೆಯಲು ಅಡ್ಡಿಯಾಗಿರಬಹುದು, ‘ಹೋಗಿ ತೋರಿಸು’ ಎಂದು ಯಾರೋ ಒತ್ತಾಯಿಸಿರಬಹುದು, ಕೆಲಸಕ್ಕೆ ತೊಂದರೆಯಾಗಿರಬಹುದು, ಇಲ್ಲವೇ ‘ಸೋಮವಾರದೊಳಗೆ ಕಡಿಮೆಯಾಗದಿದ್ದರೆ ತೋರಿಸಲೇಬೇಕು’ ಎಂದು ತಾವೇ ಹಾಕಿಕೊಂಡ ಗಡುವು ಮುಗಿದಿರಬಹುದು. ಇದರಿಂದ ಒಂದು ಪುಟ್ಟ ಕೆಲಸ ಹುಟ್ಟುತ್ತದೆ. ‘ಏನು ತೊಂದರೆ’ ಎಂದು ಕೇಳಿದ ಮೇಲೆ ‘ಇವತ್ತೇ ಯಾಕೆ ಬಂದಿರಿ’ ಎಂದೂ ಕೇಳಿ ಬರೆದುಕೊಳ್ಳಿ. 200 ಚೀಟಿಗಳಲ್ಲಿ ಈ ಉತ್ತರ ಸಿಕ್ಕರೆ ನಿಮ್ಮ ಪ್ರದೇಶದ ಜನ ಯಾವ ಹೊಸ್ತಿಲಲ್ಲಿ ನಿಲ್ಲುತ್ತಾರೆಂದು ಗೊತ್ತಾಗುತ್ತದೆ. ಒಂಟಿಯಾಗಿ ಬದುಕುವವರಿಗೆ ‘ಹೋಗಿ ತೋರಿಸು’ ಎನ್ನುವವರೇ ಇರುವುದಿಲ್ಲ. ಅವರು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ರಕ್ತದೊತ್ತಡಕ್ಕಂತೂ ಇವ್ಯಾವ ಹೊಸ್ತಿಲೂ ಇಲ್ಲ. ನೋವಿಲ್ಲ, ಕೆಲಸ ನಿಲ್ಲುವುದಿಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಈ ಪತ್ರದಲ್ಲಿ ನಾವು ಹತ್ತಿರದಿಂದ ತೋರಿಸಬೇಕೆಂದಿರುವುದು ರಕ್ತದೊತ್ತಡದ ಮಾತ್ರೆಯ ಒಂದು ಚೀಟಿಯನ್ನು.

ಚೀಟಿಯಲ್ಲಿ ‘ದಿನಕ್ಕೆ ಒಂದು, 28 ದಿನ’ ಎಂದಿದೆ. ಮಾತ್ರೆ ಮುಗಿದರೆ ಮತ್ತೆ ಬರಬೇಕು. ವರ್ಷಕ್ಕೆ 13 ಸಲ. ಒಂದು ಭೇಟಿಯನ್ನು ಬಿಡಿಸಿ ನೋಡಿ. ನಿಮಿಷಗಳು ನಾವು ಲೆಕ್ಕಕ್ಕೆ ಇಟ್ಟವು. ಮನೆಯಿಂದ ಆಸ್ಪತ್ರೆಗೆ 50 ನಿಮಿಷ. ನೋಂದಣಿ ಸಾಲಿನಲ್ಲಿ 40. ಬಿಪಿ, ತೂಕ ನೋಡಿಸಲು 20. ವೈದ್ಯರ ಕೋಣೆಯ ಹೊರಗೆ 70. ಒಳಗೆ 4. ಔಷಧ ಕೊಡುವ ಕಿಟಕಿಯಲ್ಲಿ 45. ವಾಪಸು 50. ಒಟ್ಟು 279 ನಿಮಿಷ, ಅಂದರೆ 4 ಗಂಟೆ 39 ನಿಮಿಷ. ವೈದ್ಯರ ಮುಖ ನೋಡಿದ್ದು 4 ನಿಮಿಷ. ವರ್ಷದ 13 ಭೇಟಿಗೆ 60 ಗಂಟೆ ದಾಟುತ್ತದೆ. ತಿಂಗಳ ಸಂಬಳದವರಿಗೆ ಇದು ಕಿರಿಕಿರಿ. ದಿನಗೂಲಿಯವರಿಗೆ ಅರ್ಧ ದಿನದ ಕೆಲಸ ಯಾರೂ ಕೊಡುವುದಿಲ್ಲವಾದ್ದರಿಂದ 13 ದಿನದ ಕೂಲಿ ಹೋಯಿತು. ಮಾತ್ರೆ ಉಚಿತ ಎಂದು ನೀವು ಫಲಕ ಬರೆಸಿರುತ್ತೀರಿ.

ಇಷ್ಟು ಖರ್ಚು ಮಾಡಿ ಅವರು ಪಡೆದದ್ದಾದರೂ ಏನು? ಬಿಪಿ ಸ್ಥಿರವಾಗಿದ್ದರೆ ಅದೇ ಮಾತ್ರೆಯ ಅದೇ ಪ್ರಮಾಣ. ಮಾತ್ರೆ ಮುಗಿದ ದಿನವೇ ಬರಲಾಗದವರು ನಾಲ್ಕೈದು ದಿನ ಬಿಟ್ಟು ಬರುತ್ತಾರೆ. ಆ ದಿನ ಒತ್ತಡ ಏರಿರುತ್ತದೆ. ‘ಮಾತ್ರೆ ಸಾಲುತ್ತಿಲ್ಲ’ ಎಂದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮುಂದಿನ ತಿಂಗಳು ಸರಿಯಾಗಿ ನುಂಗಿದವರಿಗೆ ಎದ್ದು ನಿಂತರೆ ತಲೆ ಸುತ್ತುತ್ತದೆ. ‘ಈ ಮಾತ್ರೆ ನನಗೆ ಆಗಿಬರಲ್ಲ’ ಎಂದು ಬಿಟ್ಟೇಬಿಡುತ್ತಾರೆ. ವರದಿಯಲ್ಲಿ ಅವರು ‘ಅರಿವಿನ ಕೊರತೆ’ಯ ಖಾತೆಗೆ ಜಮೆಯಾಗುತ್ತಾರೆ. (ಸಾಲಿನಲ್ಲಿ ನೂಕಾಡಿ ಬಂದವರಿಗೆ ಕೂತ ಕೂಡಲೇ ಬಿಪಿ ಪಟ್ಟಿ ಸುತ್ತುವ ಅಭ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. 5 ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಬಟ್ಟೆಯ ಮೇಲಲ್ಲ, ಬರಿತೋಳಿಗೆ. ಅಳೆಯುವಾಗ ಮಾತು ಬೇಡ.)

ಸ್ಥಿರವಾಗಿರುವ ರೋಗಿಗೆ ಒಂದೇ ಸಲ 84 ದಿನದ ಮಾತ್ರೆ ಕೊಟ್ಟರೆ ವರ್ಷಕ್ಕೆ 4 ಇಲ್ಲವೇ 5 ಭೇಟಿ ಸಾಕು. ‘ಮಾತ್ರೆ ಪೋಲಾಗುತ್ತದೆ’ ಎಂಬ ಆಕ್ಷೇಪಣೆಗೆ ಅರ್ಥವಿದೆ. ಅದಕ್ಕೇ ಹೊಸ ರೋಗಿಗೆ, ಪ್ರಮಾಣ ಬದಲಾಗುತ್ತಿರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಬೇಡ. ಸತತ ಎರಡು ಮೂರು ಭೇಟಿಗಳಲ್ಲಿ ಒತ್ತಡ ಹದದಲ್ಲಿರುವವರಿಗೆ ಮಾತ್ರ ಕೊಡಿ. ನಡುವೆ ತಲೆಸುತ್ತು, ಕಾಲು ಊತ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಚೀಟಿಯ ಹಿಂದೆ ಬರೆದುಕೊಡಿ. ಕಷ್ಟವಿರುವುದು ಉಗ್ರಾಣದಲ್ಲಿ. ಮೊದಲ ತಿಂಗಳಲ್ಲೇ ಮೂರು ಪಟ್ಟು ದಾಸ್ತಾನು ಬೇಕಾಗುತ್ತದೆ. ಎಲ್ಲರಿಗೂ ಒಂದೇ ವಾರ ಶುರು ಮಾಡಿದರೆ ಮಾತ್ರೆ ಖಾಲಿಯಾಗಿ ಯೋಜನೆಯೇ ಕೆಟ್ಟ ಹೆಸರು ಹೊರುತ್ತದೆ. ರೋಗಿಗಳನ್ನು ಮೂರು ಪಾಲು ಮಾಡಿ ತಿಂಗಳಿಗೊಂದು ಪಾಲನ್ನು ಹೊಸ ಕ್ರಮಕ್ಕೆ ತನ್ನಿ.

ನೀವು ಇದನ್ನು ಮಾಡದಿರುವುದಕ್ಕೆ ಇನ್ನೊಂದು ಕಾರಣ ಇರಬಹುದೆಂದು ನಮ್ಮ ಗುಮಾನಿ. 28 ದಿನದ ಚೀಟಿಯಲ್ಲಿ ಒಬ್ಬ ರೋಗಿ ವರದಿಗೆ 13 ಭೇಟಿ ತಂದುಕೊಡುತ್ತಾನೆ. 84 ದಿನದ ಚೀಟಿಯಲ್ಲಿ ನಾಲ್ಕೋ ಐದೋ. ಮೊದಲ ಪುಟದ ದೊಡ್ಡ ಸಂಖ್ಯೆ ಸಣ್ಣದಾಗುತ್ತದೆ. ಅನುದಾನ ಭೇಟಿಯ ಲೆಕ್ಕಕ್ಕೆ ಕಟ್ಟಿಹಾಕಿಕೊಂಡಿದ್ದರೆ ರೋಗಿಗೆ ಅನುಕೂಲ ಮಾಡಿಕೊಟ್ಟ ಆಸ್ಪತ್ರೆಯೇ ನಷ್ಟ ಅನುಭವಿಸುತ್ತದೆ. ಎಣಿಸಬೇಕಾದದ್ದು ತಲೆಗಳನ್ನು, ಭೇಟಿಗಳನ್ನಲ್ಲ.

ಈಗ ಹಣದ ವಿಷಯ. ‘ಒಂದಿಷ್ಟು ಶುಲ್ಕ ಇಟ್ಟರೆ ಸುಮ್ಮಸುಮ್ಮನೆ ಬರುವವರು ನಿಲ್ಲುತ್ತಾರೆ’ ಎಂಬ ವಾದ ಎಲ್ಲ ಕಾಲಕ್ಕೂ ಇದೆ. ಅದನ್ನು ಪರೀಕ್ಷಿಸಿಯೂ ಆಗಿದೆ. 1974ರಿಂದ 1982ರವರೆಗೆ ಅಮೆರಿಕದಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ವಿಮಾ ಯೋಜನೆಗಳಿಗೆ ಹಂಚಿತು. ಕೆಲವರಿಗೆ ಎಲ್ಲ ಉಚಿತ, ಮಿಕ್ಕವರಿಗೆ ಖರ್ಚಿನ ಒಂದು ಪಾಲು ಕೈಯಿಂದ. ಕೈಯಿಂದ ಕೊಡಬೇಕಾದವರು ಸೇವೆಯನ್ನು ಕಡಿಮೆ ಬಳಸಿದರು. ಆದರೆ ಬೇಡದ ಸೇವೆಯನ್ನು ಬಿಟ್ಟಷ್ಟೇ ಬೇಕಾದ ಸೇವೆಯನ್ನೂ ಬಿಟ್ಟರು. ಸರಾಸರಿ ಮನುಷ್ಯನ ಆರೋಗ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬಡವರಾಗಿದ್ದು ರಕ್ತದೊತ್ತಡವೂ ಇದ್ದವರಲ್ಲಿ ಮಾತ್ರ ಉಚಿತ ಸೇವೆ ಒತ್ತಡವನ್ನು ಎದ್ದು ಕಾಣುವಂತೆ ಇಳಿಸಿತು. ಸರಾಸರಿ ಎಂಬುದು ಯಾರನ್ನು ಮರೆಮಾಚುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಯಾವ ಭೇಟಿ ಬೇಕಾದದ್ದು, ಯಾವುದು ಬೇಡದ್ದು ಎಂದು ಮನೆಯಲ್ಲಿ ಕೂತ ರೋಗಿಗೆ ಗೊತ್ತಾಗುವುದಾದರೆ ವೈದ್ಯರು ಓದಬೇಕಾದ್ದೇ ಇರಲಿಲ್ಲ.

ಹಾಗೆಂದು ವಿಮೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2008ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ಕಡಿಮೆ ಆದಾಯದ ವಯಸ್ಕರಿಗೆ ಸರಕಾರಿ ವಿಮೆಯನ್ನು ಲಾಟರಿ ಎತ್ತಿ ಕೊಟ್ಟಿತು. ವಿಮೆ ಸಿಕ್ಕವರು ಕ್ಲಿನಿಕ್ಕಿಗೆ ಹೋಗುವುದು ಹೆಚ್ಚಾಯಿತು. ಇನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವುದು ಕಡಿಮೆಯಾಗುತ್ತದೆ ಎಂದುಕೊಂಡಿದ್ದವರಿಗೆ ಅಚ್ಚರಿ ಕಾದಿತ್ತು: ಅದೂ ಸುಮಾರು 40 ಪ್ರತಿಶತ ಏರಿತು. ಹಣದ ಅಡ್ಡಿ ತೆಗೆದರೆ ಜನ ತಮಗೆ ಅನುಕೂಲವಾದ ಬಾಗಿಲಿಗೆ ಬರುತ್ತಾರೆ. ರಾತ್ರಿ ಎಂಟಕ್ಕೆ ತೆರೆದಿರುವುದು ತುರ್ತು ವಿಭಾಗದ ಬಾಗಿಲೊಂದೇ ಆದರೆ ಅಲ್ಲಿಗೇ.

ಖರ್ಚಿನ ಅಳತೆಯಲ್ಲೇ ಒಂದು ಕುರುಡು ಜಾಗವಿದೆ. ಕುಟುಂಬದ ವೆಚ್ಚದಲ್ಲಿ ಒಂದು ಮಿತಿ ಮೀರಿದ ಪಾಲು ಚಿಕಿತ್ಸೆಗೆ ಹೋದರೆ ಅದನ್ನು ದುರಂತ ವೆಚ್ಚ ಎಂದು ಅಂತರರಾಷ್ಟ್ರೀಯ ಅಳತೆಗಳು ಗುರುತಿಸುತ್ತವೆ. ಹಣವಿಲ್ಲವೆಂದು ಆಸ್ಪತ್ರೆಗೇ ಹೋಗದವರ ವೆಚ್ಚ ಸೊನ್ನೆ. ಅವರು ಈ ಪಟ್ಟಿಯಲ್ಲಿ ಸುರಕ್ಷಿತರಾಗಿ ಕಾಣುತ್ತಾರೆ. ಆದ್ದರಿಂದ ‘ಎಷ್ಟು ಖರ್ಚಾಯಿತು’ ಎಂಬುದರ ಪಕ್ಕದಲ್ಲೇ ‘ಖರ್ಚಿಗೆ ಹೆದರಿ ಹೋಗದೆ ಉಳಿದದ್ದು ಉಂಟೇ’ ಎಂಬ ಪ್ರಶ್ನೆಯೂ ಇರಬೇಕು. ಕಳೆದ 12 ತಿಂಗಳೆಂದು ಅವಧಿ ಹೇಳಿ ಕೇಳಿ. ಅವಧಿ ಹೇಳದಿದ್ದರೆ ಉತ್ತರವೂ ಗಾಳಿಗೆ ಹೋಗುತ್ತದೆ.

ದೂರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತಿರದ ಊರುಗಳಿಂದಲೇ ಹೆಚ್ಚು ರೋಗಿಗಳು ದಾಖಲಾಗುತ್ತಾರೆ ಎಂಬುದನ್ನು ಎಡ್ವರ್ಡ್ ಜಾರ್ವಿಸ್ ಎಂಬ ಅಮೆರಿಕದ ವೈದ್ಯರು ಮಾನಸಿಕ ಆಸ್ಪತ್ರೆಗಳ ದಾಖಲೆ ನೋಡಿ 19ನೇ ಶತಮಾನದ ನಡುವಿನಲ್ಲೇ ಬರೆದಿಟ್ಟಿದ್ದರು. ನಕ್ಷೆಯ ಮೇಲೆ ಗೆರೆ ಎಳೆದು ಕಿಲೋಮೀಟರ್ ಎಣಿಸುವುದನ್ನು ಬಿಟ್ಟರೆ ಸಾಕು. ಬಾಗಿಲಿಂದ ಬಾಗಿಲಿಗೆ ಹಿಡಿಯುವ ಹೊತ್ತು ಎಷ್ಟು, ವಾಪಸಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದೇ ಅಳತೆ. ದೂರ ಮೊದಲು ಕೊಲ್ಲುವುದು ಮರುಭೇಟಿಯನ್ನು. ಕಾಲು ಮುರಿದವನು ಹೇಗಾದರೂ ಬರುತ್ತಾನೆ, ಪಟ್ಟಿ ಬಿಚ್ಚಿಸಿದ ಮೇಲೆ ವ್ಯಾಯಾಮ ಹೇಳಿಸಿಕೊಳ್ಳಲು ಬರುವುದಿಲ್ಲ.

ಹೆಂಗಸರು ಗಂಡಸರಿಗಿಂತ ಹೆಚ್ಚು ಸಲ ವೈದ್ಯರನ್ನು ಕಾಣುತ್ತಾರೆ ಎಂಬ ಅಂಕಿಯೂ ನೆಮ್ಮದಿ ಕೊಡಬಾರದು. ಅದರಲ್ಲಿ ದೊಡ್ಡ ಪಾಲು ಬಸಿರು, ಬಾಣಂತನ, ಮಕ್ಕಳ ಅಂತರದ ಭೇಟಿಗಳು. ಅವನ್ನು ತೆಗೆದು ನೋಡಿದರೆ 45 ದಾಟಿದ ಹೆಂಗಸಿಗೆ ನಿಮ್ಮಲ್ಲಿ ಯಾವ ಬಾಗಿಲಿದೆ? ಮುಟ್ಟು ನಿಲ್ಲುವ ಹೊತ್ತಿನ ರಕ್ತಸ್ರಾವ, ಮೂತ್ರ ತಡೆಯಲಾಗದಿರುವುದು, ಗರ್ಭಕೊರಳಿನ ತಪಾಸಣೆ, ಇವಕ್ಕೆ ಬರಬೇಕಾದರೆ ಹಣಕ್ಕೆ ಒಬ್ಬರನ್ನು ಕೇಳಬೇಕು, ಜೊತೆಗೆ ಇನ್ನೊಬ್ಬರು ಬರಬೇಕು, ಕೌಂಟರಿನಲ್ಲಿ ‘ಯಾತಕ್ಕೆ ಬಂದಿರಿ’ ಎಂದು ಹತ್ತು ಜನರ ಎದುರು ಕೂಗಿ ಕೇಳಿದ್ದಕ್ಕೆ ಉತ್ತರಿಸಬೇಕು. ಮದುವೆಯಾಗದ ವಯಸ್ಕ ಹೆಣ್ಣು ಸ್ತ್ರೀರೋಗ ವಿಭಾಗದ ಬೆಂಚಿನಲ್ಲಿ ಕೂರಲು ಹಿಂಜರಿಯುವುದಕ್ಕೆ ನೋಂದಣಿ ಫಾರಂನ ಒಂದು ಖಾನೆಯೇ ಸಾಕು. ಕಾರಣವನ್ನು ಬರೆದುಕೊಡುವ ಚೀಟಿ ಇಡಿ, ಕೌಂಟರಿನಿಂದ ಎರಡು ಮೀಟರ್ ಹಿಂದೆ ನೆಲದ ಮೇಲೊಂದು ಗೆರೆ ಎಳೆಯಿರಿ. ಖರ್ಚು ಒಂದು ಡಬ್ಬ ಬಣ್ಣ.

ಗಂಡಸರು ತಡವಾಗಿ ಬರುತ್ತಾರೆ, ಬಂದಾಗ ಕಾಯಿಲೆ ಬಲಿತಿರುತ್ತದೆ. ಗಂಡಸ್ತನದ ಹಮ್ಮು ಎಂದು ಬೈಯುವುದು ಸುಲಭ, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಬೆಳಿಗ್ಗೆ 10ರಿಂದ ಸಂಜೆ 4ರ ಹೊರರೋಗಿ ವಿಭಾಗ ದುಡಿಯುವ ವಯಸ್ಕ ಬಾರದಿರಲೆಂದೇ ಮಾಡಿದಂತಿದೆ. ವಾರಕ್ಕೆ ಒಂದು ಸಂಜೆ, 5ರಿಂದ 8ರವರೆಗೆ ತೆರೆಯಿರಿ. ಇಂಥ ಪ್ರಯೋಗಗಳು ಹಾಳಾಗುವ ರೀತಿ ಎರಡು. ಒಂದು, ಬೆಳಿಗ್ಗೆಯಿಂದ ದುಡಿದ ಸಿಬ್ಬಂದಿಯನ್ನೇ ಸಂಜೆಗೂ ಕೂರಿಸುವುದು. ಆ ದಿನ ಅವರ ಪಾಳಿ ಮಧ್ಯಾಹ್ನ ಶುರುವಾಗಬೇಕು. ಎರಡು, ಸಂಜೆ ವೈದ್ಯರಿದ್ದು ಪ್ರಯೋಗಾಲಯ, ಔಷಧ ಕಿಟಕಿ ಮುಚ್ಚಿರುವುದು. ಬಂದವರು ಮಾರನೆಯ ದಿನ ಮತ್ತೆ ರಜೆ ಹಾಕಬೇಕಾಗುತ್ತದೆ. 12 ವಾರ ನಡೆಸದೆ ಫಲಿತಾಂಶ ಹೇಳಬೇಡಿ. ಸುದ್ದಿ ಬಾಯಿಂದ ಬಾಯಿಗೆ ಹರಡುವುದಕ್ಕೇ ಮೊದಲ ತಿಂಗಳು ಹೋಗುತ್ತದೆ.

ವಯಸ್ಸಾದವರದು ಬೇರೆ ಪಾಡು. ಒಬ್ಬರಿಗೇ ಬಿಪಿ, ಶುಗರ್, ಕಣ್ಣಿನ ಪೊರೆ, ಮಂಡಿ. ನಿಮ್ಮಲ್ಲಿ ಅವು ನಾಲ್ಕು ವಿಭಾಗ, ನಾಲ್ಕು ವಾರ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಎಳೆದಾಡುವುದು ಒಂದೇ ಮುದಿ ದೇಹವನ್ನು. ಅವರ ಜೊತೆ ಬರುವ ಮಗನದೋ ಸೊಸೆಯದೋ ದುಡಿಮೆಯೂ ಅಷ್ಟು ದಿನ ನಿಲ್ಲುತ್ತದೆ. ಈ ನಷ್ಟ ಯಾವ ಲೆಕ್ಕದಲ್ಲೂ ಇಲ್ಲ. ಶುಗರ್ ಪರೀಕ್ಷೆಗೆ 8 ಗಂಟೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ, ಪ್ರಯೋಗಾಲಯವನ್ನು 10ಕ್ಕೆ ತೆರೆದು, ಸಾಲು ಕರಗುವಾಗ 11 ಆಗಿದ್ದರೆ, ಬೆಳಿಗ್ಗೆಯೇ ಮಾತ್ರೆ ನುಂಗಿ ಬಂದ ಮುದುಕರು ಸಕ್ಕರೆ ಕುಸಿದು ಅಲ್ಲೇ ಬೀಳುತ್ತಾರೆ. ಮುಂದಿನ ಸಲ ಬಾರದಿರಲು ಅವರಿಗೆ ಸಕಾರಣವಿದೆ. ರಕ್ತ ಕೊಟ್ಟು ತಿಂದ ಮೇಲೆ ಮಾತ್ರೆ ನುಂಗಲು ಹೇಳಿ, ರಕ್ತ ತೆಗೆಯುವ ಕಿಟಕಿಯನ್ನು 7ಕ್ಕೇ ತೆರೆಯಿರಿ.

ಇನ್ನೊಂದು ತುದಿಯಲ್ಲಿ 18ರಿಂದ 25ರವರು. ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಹುಡುಗ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವ ನಡುವಿನಲ್ಲೇ ಕಳೆದುಹೋಗುತ್ತಾನೆ. ಒಂದು ವಿಭಾಗ ಬಿಡುಗಡೆ ಪತ್ರ ಕೊಟ್ಟಿರುತ್ತದೆ, ಇನ್ನೊಂದಕ್ಕೆ ಅವನು ಬರಬೇಕೆಂಬುದೇ ಗೊತ್ತಿರುವುದಿಲ್ಲ. ಬಿಡುಗಡೆಗೆ ಮೊದಲೇ ಹೊಸ ವಿಭಾಗದ ಮೊದಲ ದಿನಾಂಕ ಗೊತ್ತುಮಾಡಿ, ಆ ದಿನ ಬಾರದಿದ್ದರೆ ಹಳೆಯ ವಿಭಾಗವೇ ಕರೆ ಮಾಡಲಿ.

ಓದು, ಭಾಷೆಗಳ ವಿಷಯದಲ್ಲಿ ನಾವೆಲ್ಲ ಮಾಡುವ ತಪ್ಪು ‘ಅರ್ಥವಾಯಿತಾ’ ಎಂದು ಕೇಳುವುದು. ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಹೀಗೆ ಕೇಳಿ ನೋಡಿ: ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ನನಗೊಮ್ಮೆ ಹೇಳಿ.’ ಒಂದು ನಿಮಿಷದ ಕೆಲಸ. ‘ದಿನಕ್ಕೆ ಎರಡು’ ಎಂದದ್ದನ್ನು ಬೆಳಿಗ್ಗೆಯೇ ಎರಡೂ ನುಂಗುವುದು ಎಂದು ತಿಳಿದವರು ಆಗ ಸಿಕ್ಕಿಬೀಳುತ್ತಾರೆ. ಭಾಷೆ ಬಾರದವರ ಜೊತೆ ಬಂದ ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸಬೇಡಿ. ತಾಯಿಯ ಬಿಳಿಸೆರಗಿನ ವಿಚಾರವನ್ನು ಹತ್ತು ವರ್ಷದ ಮಗ ಹೇಗೆ ಕೇಳಿಯಾನು?

ಆ್ಯಪ್ ಮೂಲಕವೇ ಸಮಯ ಕಾಯ್ದಿರಿಸಬೇಕೆಂದು ನಿಯಮ ಮಾಡಿದ ದಿನ ಸಾಲು ಮೊಟಕಾಗುತ್ತದೆ. ಸಾಲಿನಿಂದ ಕಾಣೆಯಾದವರು ಯಾರೆಂದು ವಯಸ್ಸಿನ ಪ್ರಕಾರ ನೋಡಿ, ಆಮೇಲೆ ಖುಷಿಪಡಿ. ಪ್ರತಿದಿನದ ಟೋಕನ್‌ಗಳಲ್ಲಿ ಒಂದು ಪಾಲು ನೇರ ಬಂದವರಿಗೆ, ಫೋನ್ ಮಾಡಿದವರಿಗೆ ಮೀಸಲಿರಲಿ. ನೆನಪಿಸುವ ಸಂದೇಶಗಳು ಗೈರುಹಾಜರಿಯನ್ನು ತಗ್ಗಿಸುತ್ತವೆ, ಅದು ನಿಜ. ಆದರೆ ಫೋನ್ ಮನೆಯಲ್ಲಿ ಒಂದೇ ಇದ್ದು ಅದು ಬೇರೆಯವರ ಕೈಯಲ್ಲಿರಬಹುದು. ಸಂದೇಶದಲ್ಲಿ ದಿನ, ಹೊತ್ತು ಸಾಕು. ವಿಭಾಗದ ಹೆಸರು ಬೇಡ.

ಅಂಗವೈಕಲ್ಯದ ಬಗ್ಗೆ ನೋಂದಣಿಯಲ್ಲಿ ‘ಇದೆ / ಇಲ್ಲ’ ಎಂದು ಕೇಳಿದರೆ ಬಹುಮಂದಿ ‘ಇಲ್ಲ’ ಎನ್ನುತ್ತಾರೆ. ಅಂಗವೈಕಲ್ಯವನ್ನು ಎಣಿಸುವ ಕ್ರಮ ರೂಪಿಸುವ ಅಂತರರಾಷ್ಟ್ರೀಯ ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳು ಸಿದ್ಧವಿವೆ: ನೋಡಲು, ಕೇಳಲು, ನಡೆಯಲು, ನೆನಪಿಡಲು, ತನ್ನ ಕೆಲಸ ತಾನೇ ಮಾಡಿಕೊಳ್ಳಲು, ಮಾತು ತಿಳಿಸಲು ಎಷ್ಟು ಕಷ್ಟ. ಅವನ್ನು ಬಳಸಿ. ಜೊತೆಗೆ ತಪಾಸಣೆಯ ಮಂಚದ ಎತ್ತರ ಅಳೆಯಿರಿ. ವೀಲ್‌ಚೇರಿನಿಂದ ಅದರ ಮೇಲೇರಲು ಆಗದಿದ್ದರೆ ಇಳಿಜಾರು ದಾರಿ ಕಟ್ಟಿಸಿ ಫಲವಿಲ್ಲ.

ತಾಯಂದಿರ ಸಾವಿನ ಕುರಿತು 1994ರಲ್ಲಿ ಥಾಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು ಮೂರು ವಿಳಂಬಗಳನ್ನು ಗುರುತಿಸಿದ್ದರು: ಹೋಗಬೇಕೆಂದು ತೀರ್ಮಾನಿಸುವುದರಲ್ಲಿ, ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಎಲ್ಲ ವಯಸ್ಕರಿಗೂ ಇದು ಹೊಂದುತ್ತದೆ. ಮೂರನೆಯ ವಿಳಂಬ ಮೊದಲನೆಯದನ್ನು ಹೆರುತ್ತದೆ. ಒಬ್ಬರನ್ನು ಬಾಗಿಲಲ್ಲಿ ಗದರಿಸಿ ಕಳಿಸಿದರೆ ಆ ಸುದ್ದಿ ಅಕ್ಕಪಕ್ಕದ ಹತ್ತು ಮನೆಗೆ ತಲುಪುತ್ತದೆ. ಆ ಹತ್ತು ಮನೆಯವರ ‘ಅರಿವು’ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಮೊದಲು ಗಡಿಯಾರ. ಒಂದು ವಾರ ಪೂರ್ತಿ, ಬಂದ ಪ್ರತಿಯೊಬ್ಬರ ಕೈಗೂ ಗೇಟಿನಲ್ಲೇ ಒಂದು ಚೀಟಿ ಕೊಟ್ಟು ಪ್ರತಿ ಕಿಟಕಿಯಲ್ಲೂ ಹೊತ್ತು ಬರೆಸಿ. ಗೇಟಿನಲ್ಲಿ ಎಂದದ್ದು ಬೇಕೆಂದೇ. ನೋಂದಣಿಯಿಂದ ಎಣಿಸಿದರೆ ನೋಂದಣಿಯ ಸಾಲೇ ಲೆಕ್ಕ ತಪ್ಪುತ್ತದೆ. ಸರಾಸರಿ ಹಾಕಬೇಡಿ, ಎಲ್ಲ ಅವಧಿಗಳನ್ನೂ ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ಜೊತೆಗೆ ಹತ್ತರಲ್ಲಿ ಒಂಬತ್ತನೆಯವರು ಎಷ್ಟು ಕಾದರೆಂದೂ ನೋಡಿ. ವಾಪಸು ಬಾರದ ಚೀಟಿಗಳನ್ನು ಪ್ರತ್ಯೇಕ ಎಣಿಸಿ: ಅವರು ಸಾಲಿನಿಂದಲೇ ಮನೆಗೆ ಹೋದವರು. ಈ ಅಂಕಿ ಮೊದಲ ಸಲ ನೋಡಿದವರಿಗೆ ನುಂಗಲಾರದ ತುತ್ತಾಗುತ್ತದೆ.

ಆಮೇಲೆ ಬಾರದವರ ಪಟ್ಟಿ. ಇವರಲ್ಲಿ ಮೂರು ಬಗೆ: ಒಮ್ಮೆಯೂ ಬಾರದವರು, ಒಮ್ಮೆ ಬಂದು ಮತ್ತೆ ಬಾರದವರು, ನಡುವೆ ಎದ್ದು ಹೋದವರು. ಮೂವರಿಗೂ ಕಾರಣ ಬೇರೆ, ಒಂದೇ ಖಾನೆಗೆ ತುಂಬಬೇಡಿ. ಮೊದಲ ಬಗೆಯವರು ನಿಮ್ಮ ಯಾವ ಪುಸ್ತಕದಲ್ಲೂ ಇಲ್ಲ, ಅವರಿಗೆ ಮನೆ ಮನೆಯ ಸಮೀಕ್ಷೆಯೇ ಬೇಕು. ಎರಡನೆಯವರು ನೋಂದಣಿ ಪುಸ್ತಕದಲ್ಲೇ ಸಿಗುತ್ತಾರೆ. ಕಳೆದ ಆರು ತಿಂಗಳಲ್ಲಿ ಮರುಭೇಟಿ ತಪ್ಪಿಸಿದವರಲ್ಲಿ 50 ಹೆಸರನ್ನು ಕಣ್ಣುಮುಚ್ಚಿ ಎತ್ತಿದಂತೆ ಆರಿಸಿ ಫೋನ್ ಮಾಡಿ. ಸಂಖ್ಯೆ ಬದಲಾಗಿ ಸಿಗದವರನ್ನು ಪಟ್ಟಿಯಿಂದ ತೆಗೆಯಬೇಡಿ, ‘ಸಿಗಲಿಲ್ಲ’ ಎಂದೇ ಬರೆಯಿರಿ. ಮನೆ, ಕೆಲಸ ಬದಲಾಯಿಸುತ್ತಲೇ ಇರುವವರೇ ಅವರಲ್ಲಿ ಹೆಚ್ಚಿರಬಹುದು. ಹಗಲು ಸಿಗದವರಿಗೆ ರಾತ್ರಿ 7ರ ಮೇಲೆ ಇನ್ನೆರಡು ಸಲ ಪ್ರಯತ್ನಿಸಿ. ಕರೆ ಮಾಡುವವರು ಆ ವಿಭಾಗದವರಾಗಿರಬಾರದು. ಬೈದವರ ಎದುರೇ ‘ಬೈದಿರಿ, ಅದಕ್ಕೇ ಬರಲಿಲ್ಲ’ ಎಂದು ಯಾರೂ ಹೇಳುವುದಿಲ್ಲ.

ಸಿಕ್ಕ ಉತ್ತರಗಳನ್ನು ವಯಸ್ಸು, ಲಿಂಗ, ಕಸುಬು, ಪ್ರಯಾಣದ ಹೊತ್ತು, ಭಾಷೆ, ಅಂಗವೈಕಲ್ಯ ಈ ಆರರ ಪ್ರಕಾರ ಬಿಡಿಸಿ ಪ್ರಕಟಿಸಿ. ಯಾವುದೇ ಖಾನೆಯಲ್ಲಿ 5ಕ್ಕಿಂತ ಕಡಿಮೆ ಜನರಿದ್ದರೆ ಆ ಅಂಕಿ ಮುಚ್ಚಿಡಿ, ಸಣ್ಣ ಊರಿನಲ್ಲಿ ಅದು ಯಾರೆಂದು ಗೊತ್ತಾಗಿಬಿಡುತ್ತದೆ. ಫೋನಿನಲ್ಲಿ ಮೊದಲು ‘ಬಾರದಿದ್ದಕ್ಕೆ ದಂಡವೂ ಇಲ್ಲ, ಬೈಗುಳವೂ ಇಲ್ಲ, ನಿಮ್ಮ ಚಿಕಿತ್ಸೆಗೆ ತೊಂದರೆಯೂ ಇಲ್ಲ’ ಎಂದು ಹೇಳಿ. ಆಮೇಲೆ ಐದೇ ಪ್ರಶ್ನೆ:

ಕೊನೆಯ ಸಲ ಬಂದಾಗ ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಮನೆ ಸೇರಿದ್ದು ಎಷ್ಟಕ್ಕೆ?
ಆ ದಿನ ಯಾರ ಯಾರ ಕೆಲಸ ತಪ್ಪಿತು?
ಆಸ್ಪತ್ರೆಯ ಹೊರಗೆ ಏನೇನಕ್ಕೆ ಹಣ ಹೋಯಿತು?
ಅಲ್ಲಿ ಯಾರಾದರೂ ಆಡಿದ ಮಾತಿನಿಂದ ನಿಮಗೆ ನೋವಾಯಿತೇ?
ಯಾವ ದಿನ, ಯಾವ ಹೊತ್ತಿನಲ್ಲಿ ನಾವು ತೆರೆದಿದ್ದರೆ ನೀವು ಬರುತ್ತಿದ್ದಿರಿ?

ಐದನೆಯದರ ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನ ವೇಳಾಪಟ್ಟಿ ಮಾಡುವ ಸಭೆಯಲ್ಲಿ ಆ 50 ಹಾಳೆಗಳು ಮೇಜಿನ ಮೇಲಿರಲಿ.

ಇಂತಿ,
ಆರೋಗ್ಯ ಸೇವೆಗಳ ಬಳಕೆಯನ್ನು ಅಧ್ಯಯನ ಮಾಡುವ ಕೆಲವರು